ನೀರಿಗೆ ಹೆದರುವ ಚಕ್ರ

ಚನ್ನಪಟ್ಟಣದ ಹತ್ತಿರ ಹೊಸದಾಗಿ ಎದ್ದ ರೆಸಾರ್ಟಿಗೆ ಬೋಟು ತಲುಪಿಸಿ, ಕೆರೆಗೆ ಇಳಿಸಿಕೊಡುವುದು ನನ್ನ ಕೆಲಸವಾಗಿತ್ತು. ಜೀಪಿನ ಹಿಂದೆ ಟ್ರೈಲರ್, ಅದರ ಮೇಲೆ ಬೋಟು. ಬೇಸಿಗೆಗೆ ಕೆರೆ ಹಿಂದೆ ಸರಿದು, ಬೋಟು ಇಳಿಸಲೆಂದೇ ಹಾಕಿಸಿದ್ದ ಕಾಂಕ್ರೀಟ್ ಇಳಿಜಾರು ನೀರು ಮುಟ್ಟುವ ಮೊದಲೇ ಮುಗಿದುಹೋಗಿತ್ತು. ಆಚೆ ಬರೀ ಕೆಸರು. ಎರಡು ಸಲ ರಿವರ್ಸ್ ತೆಗೆದೆ, ಎರಡು ಸಲವೂ ಟ್ರೈಲರ್ ಹೂತುಕೊಂಡಿತು.

ಪಕ್ಕದಲ್ಲಿ ಕುರಿ ತೊಳೆಯುತ್ತಿದ್ದ ಯಜಮಾನರೊಬ್ಬರು ನೋಡಿ ನೋಡಿ ಸಾಕಾಗಿ ಬಂದರು.

"ಅಲ್ಲಿ ಬ್ಯಾಡ ಸ್ವಾಮಿ, ಆ ಹುಣಸೆಮರದ ತಾವ ಇಳಿಸಿ. ಕೆಳಗೆ ಗಟ್ಟಿ ಕಲ್ಲೈತೆ. ಎತ್ತಿನ ಗಾಡಿ ಚಕ್ರ ನೆನೆಹಾಕಕ್ಕೆ ನಾವೂ ಅಲ್ಲೇ ಇಳಿಸ್ತಿದ್ದೊ."

"ಚಕ್ರ ಯಾಕೆ ನೆನೆಹಾಕಬೇಕು?"

"ಬಿಸಿಲಿಗೆ ಮರ ಒಣಗಿ ಕಬ್ಬಿಣದ ಪಟ್ಟೆ ಸಡ್ಲ ಆಯ್ತದಲ್ಲ! ನೆಂದ್ರೆ ಮರ ಉಬ್ಬಿ ಬಿಗಿ ಆಯ್ತದೆ."

ಅವರು ತೋರಿಸಿದ ಕಡೆ ಬೋಟು ಒಂದೇ ಸಲಕ್ಕೆ ನೀರಿಗಿಳಿಯಿತು. ನಾನು ಟ್ರೈಲರ್ ಮೇಲೆಳೆಯಲು ಜೀಪಿನತ್ತ ಓಡಿದೆ.

"ಅವಸರ ಯಾಕೆ? ಚಕ್ರ ಒಸಿ ನೆನೀಲಿ ಬುಡಿ."

"ಬೇಡ ಯಜಮಾನ್ರೇ, ಬೇರಿಂಗಿಗೆ ನೀರು ಹೋದ್ರೆ ಚಕ್ರ ಕೆಟ್ಟೇ ಹೋಗುತ್ತೆ."

ಅವರು ಬೋಟನ್ನೊಮ್ಮೆ, ಚಕ್ರವನ್ನೊಮ್ಮೆ ನೋಡಿದರು.

"ನೀರು ತಾಕಿದ್ರೆ ಕೆಡೋ ಗಾಡೀಲಿ ದೋಣಿ ಇಳ್ಸಕ್ಕೆ ಬಂದಿದ್ದೀರಾ?"

ಬೇರಿಂಗಿನ ವಿಷಯ ಅವರಿಗೆ ಬಿಡಿಸಿ ಹೇಳುತ್ತಾ ನಾನು ನಿಂತಷ್ಟು ಹೊತ್ತೂ ಟ್ರೈಲರ್ ನೀರಲ್ಲೇ ಇತ್ತು. ಅವರು ಹೇಳಿದಂತೆ ಚಕ್ರ ಚೆನ್ನಾಗಿಯೇ ನೆನೆಯಿತು.