ತಿನ್ನದ ಮೀನಿನ ಅಂಗಡಿ

ಅನ್ವಿತಾ, ಪ್ರಜ್ವಲ್, ನೀವು ಸಾಕಲು ತಂದ ಕೆಂಪು ಮೀನಿಗೆ ಹಾಕುವ ಕಾಳಿನ ಡಬ್ಬಿಯನ್ನು ಮೊನ್ನೆ ನಾನೇ ತೆರೆದೆ. ಒಣಚಟ್ಲಿಯಂಥ, ಒಣಸಿಗಡಿಯ ವಾಸನೆ ಬಂತು. ಮುಚ್ಚಳ ಹಾಕಿ ಹೊರಗೆ ಬಂದು ಕುಳಿತೆ. ಅಜ್ಜಿಗೆ ಏನಾಯಿತು ಎಂದು ಕೇಳಿದಿರಿ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ, ಬರೆಯುತ್ತೇನೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಬ್ರಹ್ಮಾವರದಲ್ಲಿ ಮೀನು ಮಾರುತ್ತಿದ್ದೆ. ನಾವು ಹೆಂಗಸರು ಕೂರುವ ಜಾಗದ ಎದುರಿಗೇ ಒಬ್ಬರು ಸಾಕುವ ಮೀನಿನ ಅಂಗಡಿ ಇಟ್ಟರು. ಮಿಲಿಟರಿಯಿಂದ ನಿವೃತ್ತರಾಗಿ ಬಂದವರು, ಎಲ್ಲರಿಗೂ ಮಿಲಿಟ್ರಿಯಣ್ಣ. ಊರಿಗೆ ಬಂದ ವರ್ಷವೇ ಅವರ ಹೆಂಡತಿ ತೀರಿಹೋದರು. ಮಕ್ಕಳಿರಲಿಲ್ಲ. ಆಮೇಲೆ ಬಹಳ ದಿನ ಮನೆಯಿಂದ ಹೊರಗೇ ಬಂದಿರಲಿಲ್ಲವಂತೆ...

“ಹ್ವಾಯ್ ಮಿಲಿಟ್ರಿಯಣ್ಣ, ಇದ್ ಸಾರಿಗೊ, ಫ್ರೈಗೊ?” ಎಂದು ನಮ್ಮ ಹೆಂಗಸರು ರೇಗಿಸುತ್ತಿದ್ದರು.

“ನಿಮ್ ಮೀನ್ ಹೊಟ್ಟಿಗೆ, ನನ್ ಮೀನ್ ಕಣ್ಣಿಗೆ ಮಾರಾಯ್ತಿ” ಎನ್ನುತ್ತಿದ್ದರು ಅವರು.

ನಾನು ತಮಾಷೆ ಮಾಡುವವಳಲ್ಲ. ಅದಕ್ಕೋ ಏನೋ, ಒಮ್ಮೆ ತೊಟ್ಟಿಯ ಮೀನುಗಳನ್ನು ತೋರಿಸಿ ನನ್ನ ಹತ್ತಿರ ಹೇಳಿದ್ದರು: “ಮನಿಯಗೆ ಉಸ್ರಾಡುದ್ ನಾನೊಬ್ನೇ ಆಯಿದ್ದೆ ತಂಗಿ. ಈಗ ಇವ್ ಇತ್ತಲ್ದಾ.”

ಒಂದು ಬೇಸಿಗೆಯಲ್ಲಿ ಅವರು ಕಾಲಿನ ಹಳೆಯ ಗಾಯ ತೋರಿಸಲು ಮಂಗಳೂರಿಗೆ ಹೊರಟರು. “ಸಂಜಿಗೆ ಬತ್ತೆ, ಒಂಚೂರ್ ಕಾಣ್ತಾ ಇರ್” ಎಂದು ಅಂಗಡಿಯನ್ನು ನನಗೆ ಒಪ್ಪಿಸಿದರು. ಬೆಳಿಗ್ಗೆಯೇ ಕರೆಂಟು ಹೋಯಿತು. ತೊಟ್ಟಿಗಳಲ್ಲಿ ಏಳುತ್ತಿದ್ದ ಗುಳ್ಳೆಗಳು ನಿಂತವು. ಮಧ್ಯಾಹ್ನದ ಹೊತ್ತಿಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡತೊಡಗಿದವು. ನೀರು ಮುಟ್ಟಿ ನೋಡಿದೆ, ಬೆಚ್ಚಗಿತ್ತು. ಸೆಕೆಗೆ ಮೀನು ಹಾಳಾಗುತ್ತದೆ ಎಂದರೆ ನಮಗೆ ಗೊತ್ತಿದ್ದ ಮದ್ದು ಒಂದೇ. ನನ್ನ ಪೆಟ್ಟಿಗೆಯ ಐಸನ್ನು ಒಡೆದು, ಚೆನ್ನಾಗಿ ತೊಳೆದು, ಒಂದು ತೊಟ್ಟಿಯನ್ನೂ ಬಿಡದೆ ಹಾಕಿದೆ.

ಮೀನುಗಳು ಕೆಳಗಿಳಿದವು. ಸಮಾಧಾನವಾಯಿತು. ಸ್ವಲ್ಪ ಹೊತ್ತಿಗೆ, ಐಸಿನ ಥಂಡಿ ತಡೆಯಲಾರದೆ, ಒಂದೊಂದೇ ಮಗ್ಗುಲಾಗಿ ಸತ್ತವು...

ಅವರು ಬರುವಷ್ಟರಲ್ಲಿ ಐಸು ಕರಗಿ, ಗುರುತೂ ಉಳಿದಿರಲಿಲ್ಲ. ಸ್ಟೂಲಿನ ಮೇಲೆ ಕುಳಿತು ನೀರಿಗೆ ಕೈ ಹಾಕಿದರು. “ಕರೆಂಟ್ ಹೋಪುದ್ ಗೊತ್ತಿದ್ದೂ ಬಿಟ್ಟ್ ಹೋದೆ. ನಾನೇ ಕೊಂದೆ” ಎಂದರು. ನಾನು ನನ್ನ ಖಾಲಿ ಪೆಟ್ಟಿಗೆ ಎತ್ತಿಕೊಂಡು ಮನೆಗೆ ಹೋದೆ.

ಮರುದಿನ ತೊಟ್ಟಿಗಳನ್ನು ತೊಳೆದು ಕವುಚಿ ಹಾಕಿದರು. ಪುನಃ ಶುರುಮಾಡಿ ಎಂದು ನಮ್ಮ ಹೆಂಗಸರೇ ಎಷ್ಟೋ ಹೇಳಿದರು, ಆಗ ಯಾರೂ ರೇಗಿಸಲಿಲ್ಲ. “ಬ್ಯಾಡ. ಹೆಂಡ್ತಿಯೂ ಹೋಯ್ತ್, ಇವೂ ಹೋದೊ. ನನ್ ಕೈಯಗೆ ಎಂತದೂ ಬದ್ಕುದಿಲ್ಲ” ಎಂದುಬಿಟ್ಟರು.

ಆ ಮಾತು ಕೇಳಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಹೇಳಿಯೇ ಬಿಡುತ್ತೇನೆಂದು ಒಂದು ದಿನ ಅವರ ಮನೆಗೆ ಹೋದೆ. “ಬಾ ತಂಗಿ, ಕೂಕೊ” ಎಂದು ಬೆಲ್ಲ, ನೀರು ಕೊಟ್ಟರು. ಕುಡಿದೆ. “ಎಂತ ಬಂದದ್?” ಎಂದು ಕೇಳಿದರು. ಎಂತ ಇಲ್ಲ, ಸುಮ್ಮನೆ ಬಂದೆ ಎಂದು ಎದ್ದು ಬಂದೆ.

ಮುಂದಿನ ಮಳೆಗಾಲದಲ್ಲಿ ಅವರೂ ತೀರಿಕೊಂಡರು.

ಈಗ ಆ ಸಾಲಿನಲ್ಲಿ ಮೊಬೈಲ್ ಅಂಗಡಿಗಳಿವೆ. ಅವರನ್ನು ನೆನೆಯುವವರೂ ಕಡಿಮೆ. ಮಕ್ಕಳೇ, ಈ ಹಾಳೆಗಳನ್ನು ರದ್ದಿಗೆ ಹಾಕಬೇಡಿ. ಆ ಮೀನುಗಳನ್ನು ಕೊಂದವರು ಅವರಲ್ಲ ಎಂಬುದು ಬೇರೆ ಎಲ್ಲಿಯೂ ಇಲ್ಲ, ಇಲ್ಲಿ ಮಾತ್ರ ಇದೆ.