ಕೊಡತಿ ಮುಟ್ಟದ ದೇವಿ

ಧಾರೇಶ್ವರದ ಕಡಲ ದಂಡೆಗೆ ದೋಣಿ ಬಂದೊಡನೆ ಬಲೆ ಬಿಡಿಸಲು ಕೂರುವ ಹೆಂಗಸರಲ್ಲಿ ದೇವಿಯೂ ಒಬ್ಬಳು. ನಾಲ್ಕನೆಯ ತರಗತಿಯವರೆಗೆ ನನ್ನ ಬಳಿ ಓದಿದವಳು. ಲೆಕ್ಕದಲ್ಲಿ ಹಿಂದೆ, ಆದರೆ ತನಗೆ ಸರಿಯೆನಿಸಿದ್ದನ್ನು ನಾನು ಗದರಿದರೂ ಬಿಟ್ಟವಳಲ್ಲ.

ಬಲೆಯಲ್ಲಿ ಮೀನಿನ ಜೊತೆಗೆ ಹೆಬ್ಬೆರಳ ಉಗುರಿನಷ್ಟೇ ಇರುವ ಏಡಿಗಳೂ ಬರುತ್ತವೆ. ಕಾಲುಗಳು ಥೇಟು ಜೇಡನವು. ಬೆನ್ನಿನ ಕೊಕ್ಕೆಯಂಥ ರೋಮಗಳಿಗೆ ಪಾಚಿಯ ಚೂರುಗಳನ್ನು ಸಿಕ್ಕಿಸಿಕೊಂಡು, ತಾವೂ ಬಂಡೆಯ ಪಾಚಿಯೆಂಬಂತೆ ಕುಳಿತಿರುತ್ತವೆ. ಚಿಪ್ಪು ಕಳಚಿದಾಗ ಹಳೆಯದರಿಂದ ಪಾಚಿ ಕಿತ್ತು ಹೊಸ ಚಿಪ್ಪಿಗೆ ಮುಡಿಸಿಕೊಳ್ಳುತ್ತವೆ. ಇದು ನಾನು ಕಲಿಸಿದ ಪಾಠವಲ್ಲ. ಬಂಡೆಯ ಸಂದಿನ ನೀರಿನಲ್ಲಿ ದಿನಗಟ್ಟಲೆ ನೋಡಿ ದೇವಿಯೇ ನನಗೆ ಹೇಳಿದ್ದು.

ತಿನ್ನಲೂ ಮಾರಲೂ ಬಾರದ, ಬಲೆ ಕತ್ತರಿಸುತ್ತದೆಂದು ಬೈಸಿಕೊಳ್ಳುವ ಈ ಏಡಿಯನ್ನು ಬಲೆಯಲ್ಲಿದ್ದಂತೆಯೇ ಮರದ ಕೊಡತಿಯಿಂದ ಜಜ್ಜಿ ಉದುರಿಸುವುದು ದಂಡೆಯ ರೂಢಿ. ದೇವಿ ಮಾತ್ರ ಬಲೆಯ ಆ ಭಾಗವನ್ನು ಉಪ್ಪುನೀರಿನ ಬಕೆಟ್ಟಿನಲ್ಲಿ ಅದ್ದುವಳು. ನೀರು ತಾಗಿದರೆ ಏಡಿ ಹಿಡಿತ ಸಡಿಲಿಸುತ್ತದೆ. ಸಿಕ್ಕಿಕೊಂಡ ಕಾಲುಗಳನ್ನು ಒಂದೊಂದಾಗಿ ಬಿಡಿಸುವಳು. ಕುಟ್ಟುವುದಕ್ಕಿಂತ ಇದಕ್ಕೆ ಹೊತ್ತು ಹೆಚ್ಚು.

ಕಳೆದ ಕಾರ್ತಿಕದಲ್ಲಿ ದೋಣಿಯ ಯಜಮಾನ ಭಾಸ್ಕರ ಅವಳ ಮುಂದೆ ಕೊಡತಿ ಇಟ್ಟ.

"ಕುಟ್ಟು. ಇಲ್ಲಾಂದ್ರೆ ನಾಳೆಂದ ಬರೂದ್ ಬ್ಯಾಡ."

"ಬರ್ತೆ. ಕುಟ್ಟೂದಿಲ್ಲ."

"ಎಂತದು, ಏಡಿ ನಿಂಗೆ ಸಂಬಂಧಿಕನ?"

"ಹೌದು ಅಂದ್ಕಳಿ. ನೀವೇನ್ ಅದ್ಕೆ ಊಟ ಹಾಕೂದ್ ಬ್ಯಾಡ."

ಹೆಂಗಸರು ನಕ್ಕರು. ಭಾಸ್ಕರ ನಗಲಿಲ್ಲ. ದೇವಿಗೆ ಇದ್ದದ್ದು ಇದೊಂದೇ ಕೆಲಸ.

ಮರುದಿನ ಬೆಳಿಗ್ಗೆ ನಾನು ದಂಡೆಗೆ ಹೋದಾಗ ಅವಳು ತನ್ನ ಜಾಗದಲ್ಲೇ ಕುಳಿತಿದ್ದಳು. ಭಾಸ್ಕರ ಅವಳ ಮಡಿಲಿನಿಂದ ಬಲೆ ಎಳೆಯುತ್ತಿದ್ದ, ಅವಳು ಬಿಡುತ್ತಿರಲಿಲ್ಲ.

"ನೀವಾದ್ರೂ ಹೇಳಿ ಅಕ್ಕೋರೆ" ಎಂದ.

"ಶಾಲೆಯಲ್ಲೇ ನನ್ನ ಮಾತು ಕೇಳಲಿಲ್ಲ" ಎಂದೆ.

ದೇವಿ ಪಕ್ಕದ ಹೇಮಾಳ ಬಲೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಕೊಡತಿ ಬಿದ್ದಲ್ಲೆಲ್ಲ ಬಲೆಯ ಕಣ್ಣು ಹರಿದಿತ್ತು. ಆಮೇಲೆ ತನ್ನದನ್ನು ಹಿಡಿದಳು, ಅದು ಇಡಿಯಾಗಿತ್ತು.

"ಏಡಿ ಬಲೆ ಕತ್ತರಿಸ್ತದೆ ಅಂತ ಬೈತ್ರಲ್ಲ ಭಾಸ್ಕರಣ್ಣ, ಈಗ ನೋಡಿ."

"ಹರದ್ರೆ ನಾ ಕಟ್ಕಂತೆ. ದೋಣಿ ನಂದು, ಮಾತೂ ನಂದು."

"ಆತು. ಕೈ ನಂದು."

ಹೇಮಾ ತನ್ನ ಕೊಡತಿಯನ್ನು ಮರಳಿನಲ್ಲಿ ಬದಿಗೆ ಸರಿಸಿ, ದೇವಿಯ ಬಕೆಟ್ಟನ್ನು ಇಬ್ಬರ ನಡುವೆ ಎಳೆದುಕೊಂಡಳು. ಮತ್ತೊಬ್ಬಳೂ ಜರುಗಿ ಕುಳಿತಳು. ಭಾಸ್ಕರ ಮೂವರನ್ನೂ ನೋಡಿದ; ಮೀನಿಗೆ ಬಿಸಿಲು ತಾಗುತ್ತಿತ್ತು. ಹಿಡಿದಿದ್ದ ಬಲೆಯನ್ನು ಬಿಟ್ಟ.

"ಹತ್ತು ಗಂಟೆ ಒಳಗೆ ಆಗ್ಬೇಕು."

"ಆಗ್ತದೆ" ಎಂದಳು ದೇವಿ, ತಲೆಯೆತ್ತದೆ.