ಸುಲಿದು ನೆಟ್ಟ ಬೆಳ್ಳುಳ್ಳಿ

ಈರುಳ್ಳಿ ಬುಟ್ಟಿಯ ತಳದಲ್ಲಿ ಮರೆತುಹೋದ ಬೆಳ್ಳುಳ್ಳಿಯೊಂದು ಯಾರ ಅಪ್ಪಣೆಯನ್ನೂ ಕೇಳದೆ ಹಸಿರು ಮೊಳಕೆಯನ್ನು ಹೊರಚಾಚಿ ಇಣುಕುವುದನ್ನು ನೀವೂ ಕಂಡಿರುತ್ತೀರಿ. ನನ್ನಂಥವಳು ಅದನ್ನು ಜಜ್ಜಿ ಒಗ್ಗರಣೆಗೆ ಹಾಕಿ ಸುಮ್ಮನಾಗುವವಳೇ. ಆದರೆ ಆಯುಧಪೂಜೆ ಮುಗಿದು, ಮಳೆ ಹಿಂದೆಗೆದು, ಬಿಸಿಲು ಹದವಾಗಿದ್ದ ಒಂದು ಭಾನುವಾರ ಅದನ್ನು ನೆಟ್ಟೇಬಿಡೋಣವೆನ್ನಿಸಿತು. ಕಾರಣ, ನನ್ನ ಅತ್ತೆ.

ಕೋಣನಕುಂಟೆಯಲ್ಲಿ ನಮ್ಮ ಮೂರಂತಸ್ತಿನ ಮನೆ ನಿಂತಿರುವುದೇ ಅವರು ರಾಗಿ, ಅವರೆ ಬೆಳೆಯುತ್ತಿದ್ದ ಹೊಲದ ಮೂಲೆಯಲ್ಲಿ. ಉಳಿದ ಹೊಲ ಸೈಟುಗಳಾದ ದಿನ "ಇನ್ ಈ ಕೈಲಿ ಮಣ್ಣು ಮುಟ್ಟಲ್ಲ" ಎಂದವರು, ಮಾತಿಗೆ ತಪ್ಪಿರಲಿಲ್ಲ. ತುಳಸಿಗೆ ನೀರೆರೆಯುತ್ತಿದ್ದರು, ಅದು ಒಣಗಿದರೆ ಹೊಸದನ್ನು ನೆಡುವವಳು ನಾನು. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವರು ಬಾಗಿಲಲ್ಲಿ ಕೂತಿರುತ್ತಿದ್ದರು. ಹೆತ್ತ ತಾಯಿಗಿಂತ ಹೆಚ್ಚು ಸಲುಗೆ ಕೊಟ್ಟ ಜೀವ ಅದು. ಆ ಕೈ ಮತ್ತೆ ಮಣ್ಣಿಗಿಳಿಯಬೇಕು ಎಂಬುದು ನನ್ನ ಹಟ.

ನಾನೋ ಬಟ್ಟೆ ಅಂಗಡಿಯವರ ಮಗಳು, ಗೊಬ್ಬರಕ್ಕೂ ನನಗೂ ಎಣ್ಣೆ ಸೀಗೇಕಾಯಿ. ಎಸಳುಗಳನ್ನು ಸಾರಿಗೆ ಹಾಕುವಷ್ಟೇ ಶ್ರದ್ಧೆಯಿಂದ ಸುಲಿದು, ತೊಳೆದು, ಒರೆಸಿ, ತಾರಸಿಯ ಕುಂಡದಲ್ಲಿ ಮಲ್ಲಿಗೆ ಮೊಗ್ಗಿನಂತೆ ಸಾಲಾಗಿ ಊರಿದೆ. ಹದಿನೈದು ದಿನಕ್ಕೆ ಮೊಳಕೆ ಬರಲಿಲ್ಲ, ನಾತ ಬಂತು. ಹಪ್ಪಳ ತೆಗೆಯಲು ಮೇಲೆ ಬಂದ ಅತ್ತೆ ಕುಂಡದೊಳಗೆ ಇಣುಕಿ ಹಣೆ ಚಚ್ಚಿಕೊಂಡರು.

"ಅಲ್ಲ ಕಣಮ್ಮಿ, ಸುಲಿದು ನೆಟ್ಟಿದ್ದೀಯಲ್ಲ! ಭೂಮ್ತಾಯಿಗೇನ್ ಒಗ್ಗರಣೆ ಹಾಕ್ತಿದ್ದೀಯಾ?"

"ಸಿಪ್ಪೆ ಇದ್ರೆ ಮೊಳಕೆ ಹೊರಗ್ ಬರಲ್ವೇನೋ ಅಂದ್ಕೊಂಡೆ ಅತ್ತೆ."

"ಹೊದಿಕೆ ಕಿತ್ತು ಚಳೀಲಿ ಮಲಗ್ಸಿದ್ರೆ ಯಾರ್ ಏಳ್ತಾರೆ? ಹೋಗು, ಬೇರೆ ಗೆಡ್ಡೆ ತಗೊಂಬಾ."

ಬನಶಂಕರಿ ಮಾರ್ಕೆಟ್ಟಿನಿಂದ ನಾಟಿ ಬೆಳ್ಳುಳ್ಳಿ ತಂದೆ. ಅತ್ತೆ ಕುರ್ಚಿಯಲ್ಲಿ ಕೂತು ಬಾಯಲ್ಲೇ ಬೇಸಾಯ ನಡೆಸಿದರು: ಚೂಪು ಮೇಲೆ, ಬುಡ ಕೆಳಗೆ. ಮೊದಲನೆಯದನ್ನು ತಲೆಕೆಳಗು ನೆಟ್ಟಿದ್ದು ನನ್ನ ಪೆದ್ದುತನ. ಎರಡನೆಯದನ್ನು ಬೇಕೆಂದೇ ಹಾಗೆ ನೆಟ್ಟೆ, ಇದನ್ನು ದಯವಿಟ್ಟು ಅವರಿಗೆ ಹೇಳಬೇಡಿ. "ಥೂ, ಸರಿ ಅತ್ಲಾಗೆ!" ಎಂದು ಬಳೆ ಮೇಲೆ ಸರಿಸಿ ಅವರು ಕುಂಡಕ್ಕೆ ಕೈ ಹಾಕಿದರು. ಎಲ್ಲ ಎಸಳು ಊರಿ ಮುಗಿದ ಮೇಲೂ ಆ ಕೈ ಬಹಳ ಹೊತ್ತು ಮಣ್ಣಿನಲ್ಲೇ ಇತ್ತು. ನಾನು ನೀರು ತರುವ ನೆಪದಲ್ಲಿ ಕೆಳಗಿಳಿದೆ.

ಪೇಟೆಯವರಾದ ನಮಗೆ ಎಲ್ಲವೂ ಸುಲಿದೇ ಸಿಗಬೇಕು: ಬಟಾಣಿ, ದಾಳಿಂಬೆ, ಕೊನೆಗೆ ಮನುಷ್ಯರ ದುಃಖ ಕೂಡ. "ಯಾಕತ್ತೆ ಮಣ್ಣು ಮುಟ್ಟಲ್ಲ?" ಎಂದು ವರ್ಷಗಟ್ಟಲೆ ಅವರನ್ನು ಕೆದಕಿದವಳು ನಾನೇ ಅಲ್ಲವೇ? ಸಿಪ್ಪೆಯೊಳಗೇ ಬಿಟ್ಟಿದ್ದರೆ ಅದೂ ತನ್ನ ಕಾಲಕ್ಕೆ ತಾನೇ ಬಿರಿಯುತ್ತಿತ್ತೇನೋ.

ಚಳಿಗಾಲವಿಡೀ ಅತ್ತೆ ಮಂಡಿನೋವನ್ನು ಬೈಯುತ್ತಲೇ ದಿನಕ್ಕೆ ಮೂರು ಬಾರಿ ಮೆಟ್ಟಿಲು ಹತ್ತಿದರು. ಶಿವರಾತ್ರಿ ಕಳೆದು ಎಲೆ ಹಳದಿಯಾದಾಗ ನೀರು ನಿಲ್ಲಿಸಿದರು, ಒಂದು ಬೆಳಿಗ್ಗೆ ಕಿತ್ತರು. ಹೆಚ್ಚಿನವು ನೆಲ್ಲಿಕಾಯಿ ಗಾತ್ರ, ಒಂದು ಮಾತ್ರ ನಿಂಬೆಹಣ್ಣಿನಷ್ಟು. "ಇವತ್ತಿನ ಸಾರಿಗೆ ಇದೇ" ಎಂದು ಕೈ ಚಾಚಿದೆ. ಅತ್ತೆ ಅದನ್ನು ಸೆರಗಿನೊಳಗೆ ಅಡಗಿಸಿಕೊಂಡರು.

"ಅದನ್ನ ಮುಟ್ಬೇಡ. ಬಿತ್ನೆಗೆ."

ಈಗ ಆ ಗೆಡ್ಡೆ ಈರುಳ್ಳಿ ಬುಟ್ಟಿಯ ಮೇಲಿನ ಮೊಳೆಗೆ ತೂಗುತ್ತಿದೆ. ನಿನ್ನೆ ಒಗ್ಗರಣೆ ಹೊತ್ತಿಗೆ ಮನೆಯಲ್ಲಿ ಬೇರೆ ಒಂದೆಸಳೂ ಇರಲಿಲ್ಲ. ಒಲೆ ಆರಿಸಿ ಅಂಗಡಿಗೆ ಹೋಗಿಬಂದೆ.